ಇಂಟರ್ನೆಟ್ಟಿನ ಯಜಮಾನ

ಹೊಸ ಚರಂಡಿ ಉದ್ಘಾಟಿಸಲು ಹೋದ ಪುರಸಭೆ ಅಧ್ಯಕ್ಷ ರುದ್ರಮುನಿ, ರಿಬ್ಬನ್ ಕತ್ತರಿಸಿದವರೇ ಅದರೊಳಗೆ ಬಿದ್ದರು. ಯಾರೋ ತೆಗೆದ ವಿಡಿಯೋ ಊರೂರು ಸುತ್ತಿತು.

ಮರುದಿನ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನಸೀಮಾಳನ್ನು ಕರೆಸಿದರು. "ಇಂಟರ್ನೆಟ್ಟಿನ ಯಜಮಾನನಿಗೆ ಫೋನ್ ಮಾಡು. ಸಂಜೆಯೊಳಗೆ ಆ ವಿಡಿಯೋ ಎಲ್ಲೂ ಇರಬಾರದು. ಇದ್ದರೆ ನಾಳೆಯಿಂದ ನೀನಿಲ್ಲಿ ಇರಬಾರದು."

"ಅದಕ್ಕೆ ಒಬ್ಬ ಯಜಮಾನ ಅಂತ ಇಲ್ಲ ಸಾರ್. ಅವರವರ ಕಂಪ್ಯೂಟರಿಗೆ ಅವರವರೇ ಯಜಮಾನರು. ಒಪ್ಪಿದವರು ಅಳಿಸ್ತಾರೆ, ಅಷ್ಟೇ."

"ನಾನು ಹೇಳಿದರೆ ಯಾರು ಒಪ್ಪಲ್ಲ?"

ನಸೀಮಾಳಿಗೂ ಅದೇ ಕುತೂಹಲ. "ಹಾಗಾದರೆ ನಿಮ್ಮ ಮನೆಯಿಂದಲೇ ಶುರು ಮಾಡೋಣ ಸಾರ್. ಊಟಕ್ಕೆ ಹೋದಾಗ ಎಲ್ಲರ ಫೋನಿಂದ ಅಳಿಸಿ ಬನ್ನಿ. ಊರಿನದು ನನಗೆ ಬಿಡಿ."

ಅಧ್ಯಕ್ಷರು ಗತ್ತಿನಿಂದ ಹೋದರು. ಹೆಂಡತಿ ನಗುತ್ತಲೇ ಅಳಿಸಿದಳು. ಅಷ್ಟರಲ್ಲಿ ಸೊಲ್ಲಾಪುರದಲ್ಲಿರುವ ನಾದಿನಿ ಅದೇ ವಿಡಿಯೋಗೆ ಒಂದು ಹಾಡು ಸೇರಿಸಿ ಮತ್ತೆ ಕಳಿಸಿದಳು. ಫೋನ್ ಮಾಡಿ ಗದರಿದರೆ, "ನಿಮ್ಮ ಪುರಸಭೆ ಸೊಲ್ಲಾಪುರಕ್ಕೂ ಬಂತಾ ಭಾವ?" ಎಂದಳು. ಅತ್ತೆಯಂತೂ ತಮ್ಮ ಫೋನ್ ಮುಟ್ಟಲೇ ಬಿಡಲಿಲ್ಲ.

ಸಂಜೆ ಅಧ್ಯಕ್ಷರು ಮೆಲ್ಲಗೆ ನಸೀಮಾಳ ಮೇಜಿನ ಹತ್ತಿರ ಬಂದು ನಿಂತರು.

"ಎಲ್ಲರೂ ಒಪ್ಪಿದರಾ ಸಾರ್?"

"ಅದಿರಲಿ. ನಾಳೆ ಬಂದವಳೇ ಒಂದು ಕೆಲಸ ಮಾಡು. ಎದುರುಗಡೆಯಿಂದ ತೆಗೆದ ವಿಡಿಯೋ ಎಲ್ಲಾದರೂ ಇದೆಯಾ ಹುಡುಕು. ಬೀಳುವಾಗ ನನ್ನ ಮುಖ ಹೇಗಿತ್ತು ಅಂತ ನಮ್ಮತ್ತೆ ನೋಡಬೇಕಂತೆ."