ನಿನ್ನೆಯ ನಾಲ್ಕು ಡಿಗ್ರಿ

ನಾನು ನೌಕರಿ ಮಾಡಿದ ಹಾಲಿನ ಡೇರಿಯಲ್ಲಿ ಒಬ್ಬ ಥರ್ಮಾಮೀಟರ್ ಅಜ್ಜ ಇದ್ದ. ನೆನೆದರೆ ಈಗಲೂ ಮನಸ್ಸು ತಂಪಾಗುತ್ತದೆ. ಹಾಲಿನ ಟ್ಯಾಂಕಿಗೆ ಅಂಟಿಕೊಂಡಿದ್ದು, ಹಾಲು ಎಷ್ಟು ತಣ್ಣಗಿದೆ ಎಂದು ಕೇಳಿದರೆ ಮಾತ್ರ, ತಂತಿಯಲ್ಲಿ ಒಂದೊಂದೇ ಅಕ್ಷರವಾಗಿ ಉತ್ತರ ಕಳಿಸುತ್ತಿದ್ದ. ಹೊಸ ಕಂಪ್ಯೂಟರ್ ಪರದೆಗೆ ಅವನ ಭಾಷೆ ತಿಳಿಯದು. ಅದಕ್ಕೇ ನಡುವೆ ಸರ್ವರ್ ಎಂಬ ದುಭಾಷಿಯನ್ನು ಕೂರಿಸಿದ್ದೆವು.

“ಅಜ್ಜ ಏನಂತಾರಣ್ಣಾ?” ಎಂದು ಪರದೆ ಕೇಳುವುದು. “ನಾಲ್ಕು ಡಿಗ್ರಿ, ಹಾಲು ತಣ್ಣಗಿದೆ” ಎಂದು ಸರ್ವರ್ ಹೇಳುವುದು. ವರ್ಷಗಟ್ಟಲೆ ಇದೇ ಮಾತು.

ಒಂದು ಬೆಳಿಗ್ಗೆ ನೆಲ ತೊಳೆದ ನೀರು ನುಗ್ಗಿ ಟ್ಯಾಂಕಿನ ತಂಪುಯಂತ್ರ ನಿಂತಿತು, ಅಜ್ಜನ ತಂತಿಯೂ ಕಳಚಿತು. ಸರ್ವರ್ ಎರಡು ಸಲ ಕರೆಯಿತು, ಉತ್ತರವಿಲ್ಲ.

“ಏನಂತಾರಣ್ಣಾ?” ಎಂದಿತು ಪರದೆ.

ಗೊತ್ತಿಲ್ಲ ಎನ್ನಲು ಸರ್ವರ್‌ಗೆ ನಾಲಿಗೆ ಏಳಲಿಲ್ಲ. ಅಜ್ಜ ನಿನ್ನೆ ಹೇಳಿದ್ದನ್ನೇ ನೆನೆದು “ನಾಲ್ಕು ಡಿಗ್ರಿ” ಎಂದಿತು.

ಮಧ್ಯಾಹ್ನ ಪರದೆ ಮತ್ತೆ ಕೇಳಿತು. “ಇನ್ನೂ ನಾಲ್ಕೇ?”

“ಹಳೇ ಕಾಲದವರು ತಮ್ಮಾ, ಗಳಿಗೆಗೊಂದು ಮಾತಾಡುವವರಲ್ಲ.”

ಎಲ್ಲ ಸರಿ ಇದೆಯೆಂದು ಪರದೆ ಹಸಿರು ದೀಪ ಹಚ್ಚಿಕೊಂಡಿತು. ಅತ್ತ ಅಜ್ಜ ಇಪ್ಪತ್ತೆಂಟು ಡಿಗ್ರಿಯನ್ನು ಬಾಯಲ್ಲಿಟ್ಟುಕೊಂಡು, ಯಾರಾದರೂ ಕೇಳಲಿ ಎಂದು ಕಾಯುತ್ತಲೇ ಇದ್ದ.

ಸಂಜೆ ಮೇಲ್ವಿಚಾರಕ ಚನ್ನಂಜಪ್ಪನವರು ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡರು.

“ಎಂಥ ಕೆಲಸ ಮಾಡಿದೆಯಣ್ಣಾ” ಎಂದಿತು ಪರದೆ.

“ಅವರು ಹೇಳಿದ್ದನ್ನೇ ಹೇಳಿದೆನಲ್ಲ.”

“ಹೇಳಿದ್ದು ಯಾವಾಗ ಅಂತ ಒಡೆದು ಹೇಳಬೇಕಿತ್ತು.”

 ಸರ್ವರ್ ಒಡೆದು ಹೇಳದ ಮಾತನ್ನು ಅಷ್ಟರಲ್ಲಿ ಹಾಲು ಒಡೆದೇ ಹೇಳಿತ್ತು.