ಎರಡು ಚಮಚ ಸೇಬು

ನದಿ ತಿರುಗುವ ಕಡೆ ಒಂದು ಆಶ್ರಮವಿತ್ತು. ಅಲ್ಲಿ ಹತ್ತು ಹನ್ನೆರಡು ಜನರಿದ್ದರು, ಒಂದು ಅಡುಗೆಮನೆ ಇತ್ತು, ಅಡುಗೆಮನೆಗೆ ಒಂದು ನಿಯಮವಿತ್ತು. ಬಡಿಸುವವರು ಎಲ್ಲರದೂ ಆದ ಮೇಲೆ ಉಣ್ಣಬೇಕು.

ಆ ನಿಯಮವನ್ನು ಭಾರ್ಗವಿಗೆ ಹೇಳಿಕೊಟ್ಟವರು ನರಹರಿ ಅಜ್ಜ. ನಲವತ್ತು ವರ್ಷ ಅಲ್ಲಿ ಒಲೆ ಉರಿಸಿದವರು ಅವರೇ.

ಈಗ ಅಜ್ಜ ಹಾಸಿಗೆ ಹಿಡಿದಿದ್ದರು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಅವರಿಗೆ ತಿನ್ನಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ ಭಾರ್ಗವಿಯ ಪಾಲಿಗೆ ಬಂದಿತ್ತು.

ಒಂದು ಬೆಳಗ್ಗೆ ಅವಳು ಗುರುಗಳ ಮುಂದೆ ಬಂದು ನಿಂತಳು. ಗುರುಗಳು ಜಗಲಿಯಲ್ಲಿ ಕೂತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಏನಮ್ಮ?"

"ಅಜ್ಜನ ಸೇವೆಯಿಂದ ನನ್ನನ್ನು ಬಿಡಿಸಿ, ಗುರುಗಳೇ."

"ಸುಸ್ತಾಯಿತಾ?"

"ಸುಸ್ತು ಇದ್ದೇ ಇದೆ. ಅದಕ್ಕಲ್ಲ."

"ಮತ್ತೆ?"

ಅವಳು ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅಜ್ಜನಿಗೆ ನಾನು ಬೇಡ."

ಗುರುಗಳು ಇನ್ನೊಂದು ಮಂಡಿಗೆ ಎಣ್ಣೆ ಸುರಿದುಕೊಂಡರು.

"ಒಂಬತ್ತು ದಿನದಿಂದ ಹೊತ್ತಿಗೆ ಎರಡೇ ಚಮಚ ತಿಂತಾರೆ," ಎಂದಳು ಅವಳು. "ಮೂರನೇದಕ್ಕೆ ಚಮಚ ತಳ್ಳಿಬಿಡ್ತಾರೆ. ಮತ್ತೆ ಕೊಟ್ಟರೆ ಬಾಯಿ ಬಿಗಿ ಹಿಡೀತಾರೆ. ನಾಳೆ ಡಾಕ್ಟರು ಬರ್ತಾರೆ. ಇವತ್ತೂ ತಿನ್ನದಿದ್ದರೆ ಪೇಟೆಗೆ ಕರಕೊಂಡು ಹೋಗಿ ಮೂಗಿಗೆ ನಳಿಕೆ ಹಾಕೋದೇ ಅಂದಿದಾರೆ. ಅಜ್ಜನ ಎದುರಿಗೇ ಅಂದರು."

"ನರಹರಿ ಏನು ಮಾಡಿದ?"

"ಕಣ್ಣು ಮುಚ್ಚಿಕೊಂಡರು."

"ತಿನ್ನೋಕೆ ಏನು ಕೊಡ್ತಿದೀಯ?"

"ಸೇಬು. ಭಕ್ತರು ಯಾರೋ ಒಂದು ಪೆಟ್ಟಿಗೆ ಕೊಟ್ಟು ಹೋದರಲ್ಲ, ಅದು. ಬೇಯಿಸಿ ಹಿಸುಕಿ ಕೊಡಿ ಅಂತ ಡಾಕ್ಟರೇ ಹೇಳಿದ್ದು."

"ಚೆನ್ನಾಗಿ ಬೇಯುತ್ತಾ?"

"ಮೊದಲನೇ ದಿನ ನೀರು ನೀರಾಯಿತು. ಆಮೇಲೆ ಬೆಲ್ಲ ಹಾಕಿದೆ. ಬೆಲ್ಲ ಬಿಟ್ಟು ಏಲಕ್ಕಿ ಹಾಕಿದೆ. ಬಟ್ಟೆಯಲ್ಲಿ ಸೋಸಿದೆ. ಆಮೇಲೆ ಎರಡು ಸಲ ಸೋಸಿದೆ. ಇನ್ನು ಸೋಸೋಕೆ ಅದರಲ್ಲಿ ಏನೂ ಉಳಿದಿಲ್ಲ, ಗುರುಗಳೇ."

"ರುಚಿ ಹೇಗಿತ್ತು?"

"ನನಗೆ ಹೇಗೆ ಗೊತ್ತಾಗಬೇಕು? ಬಡಿಸೋ ಮೊದಲು ಬಾಯಿಗೆ ಹಾಕೋ ಹಾಗಿಲ್ಲವಲ್ಲ."

ಗುರುಗಳು ಗೋಡೆ ಹಿಡಿದು ಎದ್ದರು. ಏಳಲು ಸ್ವಲ್ಪ ಹೊತ್ತು ಹಿಡಿಯಿತು.

"ನಡಿ. ಇವತ್ತು ನಾನೂ ಬರ್ತೀನಿ."

"ಅಡುಗೆಮನೆಗಾ?"

"ಯಾಕೆ, ಬರಬಾರದಾ?"

"ಹಾಗಲ್ಲ. ನೀವು ಅಲ್ಲಿಗೆ ಬಂದಿದ್ದು ನಾನು ನೋಡಿಲ್ಲ."

"ನಾನೂ ನೋಡಿಲ್ಲ," ಎಂದರು ಗುರುಗಳು.

ಪೆಟ್ಟಿಗೆಯಲ್ಲಿ ಸೇಬುಗಳ ಸಿಪ್ಪೆ ಸುಕ್ಕಾಗತೊಡಗಿತ್ತು. ಗುರುಗಳು ಒಂದನ್ನು ಎತ್ತಿಕೊಂಡು ಚಾಕುವಿನಿಂದ ಹೆರೆಯಲು ಕೂತರು. ಸಿಪ್ಪೆ ದಪ್ಪ ದಪ್ಪವಾಗಿ ಕೆಳಗೆ ಬಿತ್ತು.

ಭಾರ್ಗವಿ ನೋಡುವಷ್ಟು ನೋಡಿದಳು.

"ಕೊಡಿ ಗುರುಗಳೇ. ನೀವು ಹೆರೆದರೆ ಅಜ್ಜನಿಗೆ ಬೀಜ ಮಾತ್ರ ಸಿಗುತ್ತೆ."

ಗುರುಗಳು ಕೊಟ್ಟುಬಿಟ್ಟರು. "ನರಹರಿಯೂ ಇದನ್ನೇ ಅಂದಿದ್ದ. ನಾವಿಬ್ಬರೂ ಬಂದ ಹೊಸದರಲ್ಲಿ. ಆಮೇಲೆ ನನ್ನನ್ನು ಒಳಗೆ ಕರೆಯೋದೇ ಬಿಟ್ಟ."

"ನೀವೂ ಬರೋದು ಬಿಟ್ಟಿರಾ?"

"ಬಿಟ್ಟೆ. ಸುಖವಾಗಿತ್ತು."

ಅವಳು ಮೂರು ಹಣ್ಣು ತೆಳ್ಳಗೆ ಹೆರೆದಳು. ನಡುವಿನ ಗಟ್ಟಿ, ಬೀಜ ತೆಗೆದಳು. ಕಪ್ಪಾಗದಂತೆ ಹೋಳುಗಳನ್ನು ಉಪ್ಪುನೀರಿಗೆ ಹಾಕಿ ತೆಗೆದು, ಪಾತ್ರೆಗೆ ಸುರಿದು, ಎರಡು ಬೊಗಸೆ ನೀರು ಬಿಟ್ಟು ಮುಚ್ಚಳ ಮುಚ್ಚಿದಳು. ಉರಿ ಸಣ್ಣ ಮಾಡಿ ಒಲೆಯ ಪಕ್ಕ ನಿಂತಳು.

"ಕೂತುಕೋ," ಎಂದರು ಗುರುಗಳು.

"ತಳ ಹಿಡಿಯುತ್ತೆ."

"ಹಿಡಿದರೆ ವಾಸನೆ ಬರುತ್ತೆ. ಕೂತುಕೋ."

ಅವಳು ಅಕ್ಕಿಮೂಟೆಗೆ ಒರಗಿ ಕೂತಳು. ಒಮ್ಮೆ ಕೂತರೆ ಏಳುವುದು ಕಷ್ಟ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅವಳು ಇಷ್ಟು ದಿನ ಕೂತಿರಲಿಲ್ಲ.

ಪಾತ್ರೆಯೊಳಗೆ ಸಣ್ಣಗೆ ಕೊತಕೊತ ಶುರುವಾಯಿತು. ಸೇಬಿನ ವಾಸನೆ ಬಂತು. ಅವಳ ಕಣ್ಣು ಮುಚ್ಚಿತು, ತಲೆ ಒಂದು ಕಡೆ ವಾಲಿತು, ಬೆಚ್ಚಿ ನೆಟ್ಟಗಾಯಿತು.

"ಬೆಂದಿದೆ," ಎಂದು ಎದ್ದಳು. "ಇವತ್ತು ಏನು ಹಾಕಲಿ?"

"ಏನೂ ಬೇಡ."

"ಏನೂ ಹಾಕದೆ ತಿಂತಾರಾ?"

"ಇಷ್ಟು ದಿನ ಹಾಕಿದೆಯಲ್ಲ."

ಅವಳು ಸೌಟಿನ ಬೆನ್ನಿನಿಂದ ಹಿಸುಕಿದಳು. ಹೋಳುಗಳು ಹೆಚ್ಚೇನೂ ಹಟ ಮಾಡಲಿಲ್ಲ. ಬಟ್ಟಲಿಗೆ ಹಾಕಿಕೊಂಡು ಅಜ್ಜನ ಕೋಣೆಗೆ ನಡೆದಳು. ಗುರುಗಳು ಹಿಂದೆ ಬಂದು ಹಾಸಿಗೆಯ ಕಾಲ ಕಡೆ ಸ್ಟೂಲ್ ಎಳೆದುಕೊಂಡು ಕೂತರು.

ಭಾರ್ಗವಿ ಅಜ್ಜನ ತಲೆ ಎತ್ತಿ ದಿಂಬು ಕೊಟ್ಟಳು. ಕೊರಳಿಗೆ ಬಟ್ಟೆ ಹಾಸಿದಳು. ಒಂದು ಚಮಚ ಕೊಟ್ಟಳು. ಅಜ್ಜ ತಿಂದರು. ಇನ್ನೊಂದು ಕೊಟ್ಟಳು. ಅದೂ ಒಳಗೆ ಹೋಯಿತು. ಜೋತುಬಿದ್ದ ತುಟಿಯ ಕೊನೆಯಿಂದ ಸ್ವಲ್ಪ ಇಳಿಯಿತು, ಒರೆಸಿದಳು.

ಮೂರನೆಯದಕ್ಕೆ ಅಜ್ಜನ ಎಡಗೈ ಹಾಸಿಗೆಯಿಂದ ಮೇಲೆದ್ದಿತು. ನಡುಗುತ್ತ ಬಂದು ಚಮಚವನ್ನು ತಳ್ಳಿತು.

"ನೋಡಿದಿರಾ?" ಎಂದಳು.

"ನೋಡಿದೆ. ಎಲ್ಲಿಗೆ ತಳ್ಳಿದ?"

"ಆಚೆಗೆ."

"ಆಚೆ ಅಂದರೆ ಎಲ್ಲಿ? ಇನ್ನೊಂದು ಸಲ ಕೊಡು."

ಅವಳು ಕೊಟ್ಟಳು. ಕೈ ಮತ್ತೆ ಎದ್ದಿತು. ಎಡಕ್ಕೆ ಕಿಟಕಿ ಇತ್ತು, ಕೈ ಆ ಕಡೆ ತಳ್ಳಲಿಲ್ಲ. ಚಮಚ ನೇರ ಅವಳ ಎದೆಯವರೆಗೆ ಬಂತು. ಸೇಬು ಅವಳ ಬಟ್ಟೆಯ ಮೇಲೆ ಬಿತ್ತು.

"ಎಲ್ಲಿಗೆ?"

"ನನ್ನ ಕಡೆಗೆ."

ಹೊರಗೆ ನದಿಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಆ ಸದ್ದು ಒಂದಷ್ಟು ಹೊತ್ತು ಕೇಳಿಸಿತು.

"ಬೆಳಗ್ಗೆಯಿಂದ ಏನು ತಿಂದೆ?" ಎಂದರು ಗುರುಗಳು.

"ಇನ್ನೂ ಇಲ್ಲ. ಅಜ್ಜನದು ಆಗಬೇಕಲ್ಲ."

"ನಿನ್ನೆ?"

"ನಿನ್ನೆ ಅಜ್ಜನದು ಆಗಲಿಲ್ಲ."

"ಮೊನ್ನೆ?"

ಅವಳು ತಲೆ ತಗ್ಗಿಸಿದಳು. "ದಿನಾ ಸಂಜೆ ಒಂದು ಹಿಡಿ ಅವಲಕ್ಕಿ, ಮಜ್ಜಿಗೆ. ಅದು ಊಟ ಅಲ್ಲವಲ್ಲ, ನಿಯಮಕ್ಕೆ ಬರಲ್ಲ ಅಂದುಕೊಂಡೆ."

"ಬಟ್ಟಲಲ್ಲಿ ಇರೋದನ್ನ ನೀನು ತಿನ್ನು."

"ಅಜ್ಜನ ಎದುರಿಗಾ?"

"ಎದುರಿಗೇ."

"ಅಜ್ಜನದು ಆಗದೆ ನಾನು ಹೇಗೆ..."

"ತಿನ್ನಮ್ಮ." ಗುರುಗಳ ದನಿಯಲ್ಲಿ ಅಪ್ಪಣೆ ಇರಲಿಲ್ಲ. ಆಯಾಸವಷ್ಟೇ ಇತ್ತು.

ಅವಳು ಹೋಗಿ ಬೇರೆ ಚಮಚ ತಂದಳು. ಅಜ್ಜನ ಕಣ್ಣು ಬಾಗಿಲವರೆಗೆ ಅವಳ ಜೊತೆ ಹೋಗಿ, ಅವಳ ಜೊತೆ ವಾಪಸು ಬಂತು.

ಅವಳು ಒಂದು ಚಮಚ ಬಾಯಿಗಿಟ್ಟುಕೊಂಡಳು. ಇನ್ನೂ ಬೆಚ್ಚಗಿತ್ತು. ಮೊದಲು ಸ್ವಲ್ಪ ಹುಳಿ, ಆಮೇಲೆ ಸಿಹಿ. ಒಂಬತ್ತು ದಿನ ಕೈಯಾರೆ ಬೇಯಿಸಿದ್ದು ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಅವಳು ನುಂಗಿದಾಗ ಅಜ್ಜನ ಗಂಟಲೂ ಅಲ್ಲಾಡಿತು.

"ಇನ್ನೊಂದು," ಎಂದರು ಗುರುಗಳು.

ತಿಂದಳು. ಮತ್ತೊಂದು ತಿಂದಳು. ಈ ಸಲ ಅವರು ಹೇಳಬೇಕಾಗಲಿಲ್ಲ. ಅವಳಿಗೆ ಹಸಿವು ಗೊತ್ತಾಗಿಬಿಟ್ಟಿತ್ತು.

ಅಜ್ಜನ ಎಡಗೈ ಮೆಲ್ಲಗೆ ಹಾಸಿಗೆಗೆ ಇಳಿಯಿತು. ಬಾಯಿ ಸೊಟ್ಟಗೆ ತೆರೆಯಿತು.

ಭಾರ್ಗವಿ ಗಾಬರಿಯಲ್ಲಿ ಚಮಚ ಅದಲುಬದಲು ಮಾಡಿಕೊಂಡಳು, ಸರಿಪಡಿಸಿಕೊಂಡಳು, ತಿನ್ನಿಸಿದಳು. ಮೂರು, ನಾಲ್ಕು, ಐದು. ಅಜ್ಜ ಬಾಯಿ ಮುಚ್ಚಿ ಅವಳನ್ನು ನೋಡಿದರು. ಅವಳು ತನ್ನ ಚಮಚ ಎತ್ತಿದಳು. ಅಜ್ಜ ಮತ್ತೆ ಬಾಯಿ ತೆರೆದರು.

ಬಟ್ಟಲು ಮುಗಿಯಿತು. ಅವಳು ಪಾತ್ರೆಯನ್ನೇ ತಂದಳು. ಅದೂ ಮುಗಿಯಿತು.

ಅಜ್ಜ ನಿದ್ದೆ ಹೋದ ಮೇಲೆ ಅವಳು ಎರಡು ಚಮಚಗಳನ್ನೂ ತೊಳೆದು ಜಗಲಿಗೆ ಬಂದಳು. ಗುರುಗಳು ಮೆಟ್ಟಿಲ ಮೇಲೆ ಕೂತಿದ್ದರು. ನದಿಯ ಕಡೆ ಮುಖ ಇತ್ತು.

"ನಾಳೆಯಿಂದ ಬೇರೆಯವರನ್ನ ಹಾಕಲಾ?" ಎಂದು ತಿರುಗದೆಯೇ ಕೇಳಿದರು.

"ಬೇಡ."

ಅವಳು ಹೋಗಲಿಲ್ಲ. ನಿಂತೇ ಇದ್ದಳು.

"ಇನ್ನೇನಮ್ಮ?"

"ನೀವು ಹೇಳಿದಿರಿ, ತಿಂದೆ. ಆದರೂ ನಿಯಮ ತಪ್ಪಿದವಳು ನಾನೇ. ಪ್ರಾಯಶ್ಚಿತ್ತ ಏನು ಮಾಡಲಿ?"

"ಪ್ರಾಯಶ್ಚಿತ್ತ ನಿನಗಲ್ಲ."

"ಮತ್ತೆ ಯಾರಿಗೆ?"

ಗುರುಗಳು ಮಂಡಿ ನೀವಿಕೊಂಡರು.

"ನಲವತ್ತು ವರ್ಷ ಅವನು ಬಡಿಸಿದ, ನಾನು ಉಂಡೆ. ನಿನ್ನದು ಊಟ ಆಯ್ತಾ ಅಂತ ಒಂದು ದಿನ ಕೇಳಲಿಲ್ಲ."