ಬಾಯಿ ತೆಗೆದ ಮಿಷನ್

ಕಮ್ಮಾರರ ಸಂಘಕ್ಕೆ ಚೂರಿಗೆ ಸಾಣೆ ಹಿಡಿಯುವ ಬೆಲ್ಟ್ ಗ್ರೈಂಡರ್ ಒಂದು ಬೇಕಿತ್ತು. ಅಧ್ಯಕ್ಷ ಪುಟ್ಟಬಸಪ್ಪನವರು ಅಂಗಡಿಗೆ ಬರುತ್ತಲೇ ಎಲ್ಲಕ್ಕಿಂತ ಜೋರಾಗಿ ತಿರುಗುವ ಮಿಷನ್ ಮೇಲೆ ಕೈಯಿಟ್ಟರು.

"ಇದೇ ಆಗ್ಬೇಕು. ಇನ್ನು ಯಾರೂ ಬಾಯಿ ತೆಗೀಬೇಡಿ."

ಜೊತೆಗೆ ಬಂದಿದ್ದ ಮುದುಕ ಕಮ್ಮಾರನಿಗೆ ಹಿಡಿಸಿದ್ದು ಪಕ್ಕದ್ದು. ಅದಕ್ಕೆ ವೇಗ ತಗ್ಗಿಸುವ ಗುಂಡಿ ಇತ್ತು. ಆದರೂ ಅವನು ತಲೆಯಾಡಿಸಿದ.

"ಆಯ್ತು ಯಜಮಾನ್ರೇ. ಮೊದಲ ಸಾಣೆ ಇಲ್ಲೇ ನಿಮ್ಮ ಚೂರಿಗೇ ಆಗ್ಲಿ, ನಿಮ್ಮ ಕೈಯಿಂದ್ಲೇ."

ಅಧ್ಯಕ್ಷರು ಹಿಗ್ಗಿ, ಜೇಬಿನ ಚೂರಿ ತೆಗೆದು ಓಡುವ ಬೆಲ್ಟಿಗೆ ಒತ್ತಿ ಹಿಡಿದರು. ಕಿಡಿ ಹಾರಿತು. ಚೂರಿಯ ಹರಿತವಾದ ಬಾಯಿ ನೀಲಿಗೆ ತಿರುಗಿತು.

"ನೋಡಯ್ಯಾ, ನವಿಲಿನ ಬಣ್ಣ," ಎಂದರು.

"ಚೆಂದಾಗಿದೆ," ಎಂದು ಮುದುಕ ಬಿದಿರಿನ ತುಂಡೊಂದನ್ನು ಮುಂದೆ ಹಿಡಿದ. "ಈ ಬಿದಿರು ಒಂಚೂರು ಕೆತ್ತಿ ನೋಡಿ."

ಎರಡು ಸಲ ಕೆತ್ತುವಷ್ಟರಲ್ಲಿ ಬಾಯಿ ತಗಡಿನಂತೆ ಮಡಚಿಕೊಂಡಿತು.

"ಇದಕ್ಕೇನಾಯ್ತೋ?"

"ವೇಗಕ್ಕೆ ಕಾವು ಹೆಚ್ಚಾಗಿ ಉಕ್ಕಿನ ಹದ ಹೋಯ್ತು ಯಜಮಾನ್ರೇ."

"ಮೊದಲೇ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಯಾರೂ ಬಾಯಿ ತೆಗೀಬೇಡಿ ಅಂದಿದ್ರಲ್ಲ. ನಾನು ತೆಗೀಲಿಲ್ಲ. ನಿಮ್ಮ ಮಿಷನ್ನೇ ಚೂರಿ ಬಾಯಿ ತೆಗೀತು."

ಅಧ್ಯಕ್ಷರು ಮೆಲ್ಲಗೆ ಸರಿದು ಪಕ್ಕದ ಮಿಷನ್ ಮೇಲೆ ಕೈಯಿಟ್ಟರು. ಈ ಸಲ ಅವರೇ ಬಾಯಿ ತೆಗೆಯಲಿಲ್ಲ.